ಅರ್ಕಾವೊತ್ತಿಲ್ಲದ ಸೂರ್ಯ

ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಸರ್ಕಾರಿ ಶಾಲೆಗಳಿಗೆ ಬಂದ ಪ್ರೊಜೆಕ್ಟರು, ಟ್ಯಾಬು, ಸ್ಮಾರ್ಟ್ ಟಿವಿಗಳು ಈಗ ಯಾವ ಬೀರುವಿನಲ್ಲಿ ಮಲಗಿವೆ ಎಂದು ನೋಡಿ ಬರೆಯಬೇಕಿತ್ತು. ಶನಿವಾರ, ಬೆಳಗಿನ ಶಾಲೆ ಬಿಟ್ಟ ಹೊತ್ತು. ತಾಲ್ಲೂಕು ಕೇಂದ್ರದ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಕಚೇರಿಯಲ್ಲಿ ನನಗೆ ಮಾಹಿತಿ ಕೊಡಬೇಕಾದವರು ಊಟಕ್ಕೆ ಹೋಗಿದ್ದರು. ‘ಅಲ್ಲೀವರ್ಗೂ ಸಂಪನ್ಮೂಲ ಕೊಠಡೀಲಿ ಕೂತಿರಿ, ಫ್ಯಾನ್ ಇದೆ’ ಅಂದರು ಜವಾನರು. ಕೂತೆ. ಎರಡೂವರೆ ಗಂಟೆ ಕೂತೆ. ಬೀರುವಿನ ಲೇಖನ ಇನ್ನೂ ಬರೆದಿಲ್ಲ.

ಒಳಗೆ ಏಳನೇ ತರಗತಿಯ ಹುಡುಗಿಯೊಬ್ಬಳು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಬ್ರೈಲ್ ಸ್ಲೇಟಿಗೆ ಸಿಕ್ಕಿಸಿಕೊಂಡು ಟಕಟಕ ಚುಚ್ಚುತ್ತಿದ್ದಳು. ಬ್ರೈಲ್‌ಗೆ ದಪ್ಪ ಕಾಗದ ಬೇಕು, ಕ್ಯಾಲೆಂಡರಿನ ಹಾಳೆ ಹೇಳಿ ಮಾಡಿಸಿದ ಹಾಗಿರುತ್ತದೆ. ಹಾಳೆಯ ಮೇಲೆ ಹಿಂದಿನ ವರ್ಷದ ಆಷಾಢ, ಏಕಾದಶಿ, ಎರಡನೇ ಶನಿವಾರದ ರಜೆ. ಅವುಗಳ ನಡುವೆ ಇವಳ ಪಾಠ. ಓದುವುದು ತನ್ನ ಊರಿನ ಸರ್ಕಾರಿ ಶಾಲೆಯಲ್ಲೇ, ಕಣ್ಣಿರುವ ಮಕ್ಕಳ ಜೊತೆ. ಶನಿವಾರ ಮಾತ್ರ ಅಪ್ಪನ ಮೊಪೆಡ್ಡಿನ ಹಿಂದೆ ಕೂತು ಇಲ್ಲಿಗೆ ಬರುತ್ತಾಳೆ. ಕಲಿಸುವವರು ಬಿಐಇಆರ್‌ಟಿ, ಅಂದರೆ ತಾಲ್ಲೂಕಿನ ವಿಶೇಷ ಅಗತ್ಯದ ಮಕ್ಕಳನ್ನೆಲ್ಲ ನೋಡಿಕೊಳ್ಳಬೇಕಾದ ಶಿಕ್ಷಕಿ. ಇವಳಿಗೆ ಬರೀ ‘ಮಿಸ್’.

ನಾನು ಪತ್ರಿಕೆಯವನು ಎಂದು ಮಿಸ್ ಪರಿಚಯಿಸಿದ್ದೇ ತಡ, ಹುಡುಗಿ ಕೈ ನಿಲ್ಲಿಸಿ ಕೇಳಿದಳು:

‘ಸರ್, ಕಣ್ಣಿರೋರು ಸೂರ್ಯ ಅಂತ ಬರೀವಾಗ ರ್ ಅನ್ನೋದನ್ನ ಯ ಆದ್ಮೇಲೆ ಬರೀತೀರಂತೆ, ಹೌದಾ?’

‘ಹೌದಮ್ಮ.’

‘ಓದೋವಾಗ ಮಾತ್ರ ಮೊದ್ಲು ಓದ್ತೀರಾ?’

‘ಹೌದು.’

‘ಯಾಕೆ?’

ಕನ್ನಡ ಬರೆದೇ ಹೊಟ್ಟೆ ಹೊರೆಯುವವನ ಬಳಿ ಉತ್ತರ ಇರಲಿಲ್ಲ. ಅರ್ಕಾವೊತ್ತು ಅಂತಾರೆ ಅದಕ್ಕೆ, ನಮ್ಮಲ್ಲಿ ಹಾಗೇ ರೂಢಿ ಅಂದೆ. ರೂಢಿ ಎನ್ನುವುದು ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು. ‘ನಮ್ದರಲ್ಲಿ ಹಂಗಿಲ್ಲಪ್ಪ’ ಅಂದು ಮತ್ತೆ ಚುಚ್ಚತೊಡಗಿದಳು.

ಅವರದರಲ್ಲಿ ಹೇಗಿದೆ? ಬ್ರೈಲ್ ಅಂದರೆ ಆರು ಚುಕ್ಕಿ, ಮುಟ್ಟಿ ಓದುವುದು ಎಂಬಷ್ಟು ಎಲ್ಲರಿಗೂ ಗೊತ್ತು. ನನಗೆ ಗೊತ್ತಿದ್ದದ್ದೂ ಅಷ್ಟೇ. ಎಡಗಡೆ ಮೇಲಿನಿಂದ ಒಂದು, ಎರಡು, ಮೂರು. ಬಲಗಡೆ ನಾಲ್ಕು, ಐದು, ಆರು. ಅಷ್ಟಕ್ಕೆ ಒಂದು ಮನೆ. ಕೂಡಿಸಿ ಕಳೆದರೆ 63 ಆಕಾರ. ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಈ ಲೆಕ್ಕದೊಳಗೆ ನಮ್ಮ ಒತ್ತಕ್ಷರ, ಗುಣಿತ, ಕೊಂಬು, ದೀರ್ಘಗಳೆಲ್ಲ ಹೇಗೆ ಹಿಡಿಸಿದವು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಹಿಡಿಸಿಲ್ಲ ಎನ್ನುವುದೇ ಅದರ ಸೊಗಸು. ಬ್ರೈಲ್‌ನಲ್ಲಿ ಕೆಳಗೆ ಏನೂ ಇಲ್ಲ, ಮೇಲೆ ಏನೂ ಇಲ್ಲ, ಎಲ್ಲವೂ ಒಂದೇ ಸಾಲು. ‘ಕಿ’ ಬರೆಯಲು ಕ, ಪಕ್ಕದಲ್ಲಿ ಇ. ಒತ್ತಕ್ಷರವಾದರೆ, ಬರುವ ಅಕ್ಷರ ಅರ್ಧ ಎಂದು ಮೊದಲೇ ಎಚ್ಚರಿಸುವ ಒಂಟಿ ಚುಕ್ಕಿ, ನಾಲ್ಕನೆಯದು. ಅದೇ ಹಲಂತ. ‘ಅಮ್ಮ’ ಅಂದರೆ ಅ, ಹಲಂತ, ಮ, ಮ. ‘ಸೂರ್ಯ’ ಅಂದರೆ ಸ, ಊ, ಹಲಂತ, ರ, ಯ. ಬಾಯಲ್ಲಿ ಬರುವ ಕ್ರಮ ಯಾವುದೋ ಬೆರಳಿಗೆ ಸಿಗುವ ಕ್ರಮವೂ ಅದೇ. ನಾಗರಿಯವರು ರ-ವನ್ನು ಮುಂದಿನ ಅಕ್ಷರದ ತಲೆಯ ಮೇಲೆ ಕೂರಿಸಿದರು, ನಾವು ಬಲಕ್ಕೆ ತಳ್ಳಿದೆವು. ಬ್ರೈಲ್ ಕನ್ನಡದಲ್ಲಿ ಅದು ಇರಬೇಕಾದ ಜಾಗದಲ್ಲೇ ಇದೆ. ಅರ್ಕಾವೊತ್ತು ಬೇಡ, ರ ಮೊದಲೇ ಬರಲಿ ಎಂದು ವಾದಿಸುವವರು ಕನ್ನಡದಲ್ಲಿದ್ದಾರೆ, ಕೆಲವರು ಹಾಗೆ ಬರೆಯುತ್ತಲೂ ಇದ್ದಾರೆ. ನಾನು ಅವರನ್ನು ಹಟಮಾರಿಗಳು ಎಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1950ರ ದಶಕದ ಆರಂಭದಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ‘ಭಾರತಿ ಬ್ರೈಲ್’ ಎಂದು ಗೊತ್ತುಮಾಡಿದಾಗ ಆಕಾರಗಳನ್ನು ಸದ್ದಿಗೆ ಕಟ್ಟಿಹಾಕಿದರು. ಒಂದು ಮತ್ತು ಮೂರನೇ ಚುಕ್ಕಿ ಕನ್ನಡದಲ್ಲಿ ಕ, ಹಿಂದಿಯಲ್ಲೂ ಕ, ಇಂಗ್ಲಿಷಿನಲ್ಲಿ ಕೆ. ತ್ರಿಭಾಷಾ ಸೂತ್ರದ ಮೇಲೆ ದೊಡ್ಡವರು ಕಿತ್ತಾಡುತ್ತಿರುವಾಗ ಈ ಹುಡುಗಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅಕ್ಷರಮಾಲೆ ಇಟ್ಟುಕೊಂಡಿದ್ದಾಳೆ. ‘ಕಾವೇರಿ’ ಬರೆಯಿಸಿ ನೋಡಿದೆ: ಕ, ಆ, ವ, ಏ, ರ, ಇ, ಆರು ಮನೆ. ‘ಕಾವೇರಿ’ ಎಂದೇ ಬರೆದರೆ ತಮಿಳು ಬ್ರೈಲ್‌ನಲ್ಲೂ ಇದೇ ಆರು ಮನೆ, ಚುಕ್ಕಿಯೊಂದರಷ್ಟೂ ವ್ಯತ್ಯಾಸವಿಲ್ಲ. ಹಾಳೆ ಮುಟ್ಟಿದವರಿಗೆ ಅದು ನಮ್ಮ ಕಾವೇರಿಯೋ ಅವರ ಕಾವೇರಿಯೋ ಹೇಳಲಾಗುವುದಿಲ್ಲ.

ಕಣ್ಣಿಲ್ಲದವರ ಓದಿನ ಇತಿಹಾಸ ಉದ್ದವಿದೆ, ಚುಟುಕಾಗಿ ಹೇಳುತ್ತೇನೆ. ದೇಶದ ಮೊದಲ ಅಂಧರ ಶಾಲೆ ಶುರುವಾದದ್ದು 1887ರಲ್ಲಿ ಅಮೃತಸರದಲ್ಲಿ, ತೆರೆದವರು ಆ್ಯನಿ ಶಾರ್ಪ್ ಎಂಬ ಮಿಷನರಿ. ಮೈಸೂರು ಹಿಂದೆ ಬೀಳಲಿಲ್ಲ: 1901ರಲ್ಲೇ ಎಂ. ಶ್ರೀನಿವಾಸರಾಯರು ಅಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭಿಸಿದರು. ಆದರೂ ನಮ್ಮಲ್ಲಿ ಕಣ್ಣಿಲ್ಲದ ಮಗು ಅಂದರೆ ಬಹುಕಾಲ ಜನರ ಬಾಯಿಗೆ ಬರುತ್ತಿದ್ದ ಹೆಸರು ಗದಗದ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಸ್ವತಃ ಕಣ್ಣಿಲ್ಲದ ಆ ಗುರು ಶಿಷ್ಯರು ಎಷ್ಟು ಮಕ್ಕಳಿಗೆ ಅನ್ನ, ಸ್ವರ ಎರಡನ್ನೂ ಕೊಟ್ಟರು ಎಂಬುದಕ್ಕೆ ನನ್ನ ನಮಸ್ಕಾರವಿದೆ. ಆದರೆ ಕಣ್ಣಿಲ್ಲದವರಿಗೆಲ್ಲ ಸಂಗೀತವೇ ಒಲಿಯಬೇಕು ಎಂದುಕೊಂಡ ನಮ್ಮ ಸಮಾಜದ ಸೋಮಾರಿತನಕ್ಕಿಲ್ಲ. ಈ ಹುಡುಗಿಗೆ ಹಾಡು ಬರುವುದಿಲ್ಲ, ‘ಕೇಳಿದ್ರೆ ಎದ್ದು ಹೋಗ್ತೀರ’ ಎಂದು ಅವಳೇ ಹೇಳಿದಳು. ಅವಳಿಗೆ ಬೇಕಿರುವುದು ಗಣಿತ. ಕಪಾಟಿನಿಂದ ಟೇಲರ್ ಫ್ರೇಮ್ ತೆಗೆದು ತೋರಿಸಿದಳು: ಎಂಟು ಮೂಲೆಯ ತೂತುಗಳ ಹಲಗೆ, ಅದಕ್ಕೆ ಪುಟ್ಟ ಸೀಸದ ಮೊಳೆಗಳು. ಮೊಳೆಯ ಒಂದು ತುದಿಯಲ್ಲಿ ಉಬ್ಬುಗೆರೆ, ಇನ್ನೊಂದು ತುದಿಯಲ್ಲಿ ಎರಡು ಮೊನೆ. ತಿರುಗಿಸಿ ಇಟ್ಟ ದಿಕ್ಕೇ ಅಂಕಿ. ಒಂದೇ ಮೊಳೆಯಲ್ಲಿ 16 ಗುರುತು.

2009ರ ಶಿಕ್ಷಣ ಹಕ್ಕು ಕಾಯ್ದೆ, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆ, ಇವೆರಡರ ಬಲದಿಂದ ಇಂಥ ಮಕ್ಕಳು ಈಗ ತಮ್ಮೂರ ಶಾಲೆಯಲ್ಲೇ ಕೂರಬಹುದು. ಕೂತ ಮೇಲೆ ಏನು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರ ಇದೆ, ತರಗತಿಯಲ್ಲಿ ಕೆಲವೊಮ್ಮೆ ಇರುತ್ತದೆ. ಪಠ್ಯಪುಸ್ತಕದ ಪಾಠಗಳ ಪಕ್ಕ ದೀಕ್ಷಾ ಆ್ಯಪಿಗಾಗಿ ಕ್ಯೂಆರ್ ಕೋಡ್ ಅಚ್ಚಾಗಿದೆಯಲ್ಲ, ಅದನ್ನು ಹುಡುಕಿ ಎಂದೆ. ಅವಳು ಪುಟವನ್ನೆಲ್ಲ ಸವರಿದಳು. ನುಣುಪು. ಕೊನೆಗೆ ಮಿಸ್ ಅವಳ ಬೆರಳು ಹಿಡಿದು ಚೌಕದ ಮೇಲಿಟ್ಟರು. ‘ಇಲ್ಲೇನೂ ಇಲ್ವಲ್ಲ ಮಿಸ್’ ಅಂದಳು. ಚೌಕದ ಅಂಚಿಗೆ ನಾಲ್ಕು ಉಬ್ಬು ಚುಕ್ಕಿ ಒತ್ತಿದ್ದರೆ ಸಾಕಿತ್ತು.

ಹಾಗೆಂದು ಯಂತ್ರಗಳ ಮೇಲೆ ನನಗೆ ಹಗೆಯಿಲ್ಲ. ಮಿಸ್ ಲ್ಯಾಪ್‌ಟಾಪಿನಲ್ಲಿರುವ ಎನ್‌ವಿಡಿಎ ತಂತ್ರಾಂಶ ಪುಕ್ಕಟೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರುಮಾಡಿದ್ದು, ಜೇಮ್ಸ್ ಟೆ ಜೊತೆಗೂಡಿ ಬೆಳೆಸಿದ್ದು, ಇಬ್ಬರಿಗೂ ಕಣ್ಣಿಲ್ಲ. ಪರದೆಯ ಮೇಲಿನದನ್ನು ಅದು ಇ-ಸ್ಪೀಕ್ ಧ್ವನಿಯಲ್ಲಿ ಓದಿಹೇಳುತ್ತದೆ. ಅದರ ಕನ್ನಡ ಡಬ್ಬದೊಳಗೆ ಕೂತು ಮಾತಾಡಿದ ಹಾಗಿದೆ, ನನಗೆ ಅರ್ಧ ತಿಳಿಯಲಿಲ್ಲ. ಅವಳು ಅದನ್ನು ಇನ್ನೂ ಜೋರು ಓಡಿಸಿ ಆರಾಮಾಗಿ ಕೇಳುತ್ತಿದ್ದಳು.

ಮಿಸ್ ಇನ್ನೊಂದು ಕಡತ ತೆರೆದರು, ಯಾರೋ ಕಳಿಸಿದ ಪ್ರಶ್ನೋತ್ತರ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಯಂತ್ರ ಬಾಯಿಬಿಟ್ಟರೆ ಪಿ, ಎ, ಪೌಂಡ್, ಎ... ಹುಡುಗಿ ಕಿಸಕ್ಕೆಂದಳು. ಇದು ಹಳೆಯ ಫಾಂಟುಗಳ ಪಾಪ. ಯೂನಿಕೋಡ್ ರೂಢಿಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರ್ ಕನ್ನಡವನ್ನು ಕನ್ನಡವೆಂದು ತಿಳಿಯುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ನಮ್ಮ ಅಕ್ಷರದ ವೇಷ ಹಾಕಿಸಲಾಗಿತ್ತು. ‘ಕನ್ನಡ’ ಎಂಬ ಪದದ ನಡುವಿನ ನ-ಕಾರ ಅದರ ಪಾಲಿಗೆ ಬ್ರಿಟನ್ನಿನ ಪೌಂಡ್ ಗುರುತು. ಕಣ್ಣಿರುವ ನಾವು ವರ್ಷಗಟ್ಟಲೆ ಅದರಲ್ಲೇ ಬರೆದೆವು, ಈಗಲೂ ಎಷ್ಟೋ ಕಡೆ ಬರೆಯುತ್ತಿದ್ದೇವೆ, ಅಚ್ಚಾದರೆ ಸಾಕು ಎಂದು.

ಅವಳ ಪ್ರಶ್ನೆಯ ಗುಟ್ಟು ನನಗೆ ಹೊಳೆದದ್ದು ಇಲ್ಲಿ. ಆ ಹಳೆಯ ಫಾಂಟುಗಳು ‘ಸೂರ್ಯ’ವನ್ನು ಕಂಡಂತೆ ಕೂಡಿಡುತ್ತಿದ್ದವು: ಯ ಮೊದಲು, ಅರ್ಕಾವೊತ್ತಿನ ಚಿತ್ರ ಆಮೇಲೆ. ಯೂನಿಕೋಡ್ ಕೇಳಿದಂತೆ ಕೂಡಿಡುತ್ತದೆ: ರ, ಹಲಂತ, ಯ. ನಮ್ಮ ಕಣ್ಣಿನ ರೂಢಿಗೆಂದು ತೆರೆಯ ಮೇಲೆ ಮಾತ್ರ ಒತ್ತನ್ನು ಬಲಕ್ಕೆ ಸರಿಸಿ ತೋರಿಸುತ್ತದೆ. ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೂ ಈಗ ರ ಮೊದಲೇ ಇದೆ, ಈ ಹುಡುಗಿಯ ಹಾಳೆಯಲ್ಲಿರುವ ಹಾಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟವನ್ನು ಪಠ್ಯವಾಗಿಸುವ ‘ಲಿಪಿ ಜ್ಞಾನಿ’ ರೂಪಿಸಿತಲ್ಲ, ಅಂಥ ತಂತ್ರಾಂಶ ಕೂಡ ಪುಟದಲ್ಲಿ ಅರ್ಕಾವೊತ್ತು ಕಂಡಲ್ಲೆಲ್ಲ ಅದನ್ನು ಎತ್ತಿ ಹಿಂದಕ್ಕೆ ಇಡಲೇಬೇಕು. ಇಲ್ಲವಾದರೆ ಅದನ್ನು ಬ್ರೈಲ್‌ಗೂ ಇಳಿಸಲಾಗದು, ಧ್ವನಿಗೂ ಏರಿಸಲಾಗದು.

ಅವಳಿಗೆ ಕಂಪ್ಯೂಟರು ಹೊಸ ತಲೆನೋವನ್ನೂ ತಂದಿದೆ. ಬ್ರೈಲ್‌ನಲ್ಲಿ ಹಲಂತ ಅರ್ಧಾಕ್ಷರದ ಮುಂಚೆ, ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯಲ್ಲಿ ಅಕ್ಷರ ಒತ್ತಿದ ಮೇಲೆ ಎಫ್. ಮೊದಮೊದಲು ‘ಅಮ್ಮ’ ಬರೆಯಲು ಎಫ್ ಅನ್ನೇ ಮುಂಚೆ ಒತ್ತಿ ಬೈಸಿಕೊಳ್ಳುತ್ತಿದ್ದಳಂತೆ. ಈಗ ಬೆರಳಿಗೊಂದು ಕನ್ನಡ, ಕೀಲಿಮಣೆಗೊಂದು ಕನ್ನಡ.

ಇಷ್ಟೆಲ್ಲ ಫೋನು, ಧ್ವನಿ ಇರುವಾಗ ಚುಕ್ಕಿ ಯಾಕೆ, ಕೇಳಿಸಿಕೊಂಡರಾಯಿತಲ್ಲ ಎನ್ನುವವರು ಹೆಚ್ಚುತ್ತಿದ್ದಾರೆ. ಒಂದು ಪಠ್ಯಪುಸ್ತಕ ಬ್ರೈಲ್‌ಗೆ ಇಳಿದರೆ ಹಲವು ಸಂಪುಟವಾಗುತ್ತದೆ, ಹೊತ್ತು ತರಲು ಆಳು ಬೇಕು, ನಿಜ. ನಾನೂ ಹಾಗೇ ಅಂದುಕೊಂಡು ಬಾಯಿಬಿಟ್ಟೆ. ಮಿಸ್ ಮಾತಾಡದೆ ಹಳೆಯ ನೋಟೊಂದನ್ನು ಲ್ಯಾಪ್‌ಟಾಪಿನಲ್ಲಿ ತೆರೆದರು, ಇವಳು ಪಾಠಗಳನ್ನು ಬರೀ ಕೇಳಿ ಕಲಿಯುತ್ತಿದ್ದ ದಿನಗಳದು. ‘ಭಾಶೆ’, ‘ವರುಶ’, ‘ಅರ್ತ’, ‘ವಿದ್ಯಾರ್ತಿ’. ಶ-ಷಗಳ ಭೇದವನ್ನು ನಮ್ಮ ಬಾಯೇ ಮರೆತಿರುವಾಗ ಕಿವಿಗೆ ಎಲ್ಲಿಂದ ಸಿಗಬೇಕು? ಬ್ರೈಲ್‌ನಲ್ಲಿ ಅವೆರಡೂ ಬೆರಳಿಗೆ ಬೇರೆ ಬೇರೆ. ಪಕ್ಕದಲ್ಲಿ ಈ ವರ್ಷದ ಹಾಳೆ ಇಟ್ಟು ಮಿಸ್ ಓದಿಹೇಳಿದರು, ಒಂದೂ ತಪ್ಪಿಲ್ಲ. ಕೇಳುವುದು ಓದಲ್ಲ ಎಂದು ನಾನು ಒಪ್ಪಿಕೊಂಡದ್ದು ಆಗ. ನಾಳೆ ಎಸ್ಸೆಸ್ಸೆಲ್ಸಿಯಲ್ಲಿ ಇವಳು ಉತ್ತರ ಹೇಳಿ, ಕೆಳಗಿನ ತರಗತಿಯ ಇನ್ಯಾರೋ ಬರೆಯಬಹುದು. ‘ಅವ್ರು ತಪ್ಪು ಬರೆದ್ರೆ ನಂಗೆ ಹೆಂಗ್ ಗೊತ್ತಾಗುತ್ತೆ? ಒಂದೊಂದಕ್ಷರಾನೂ ಬಿಡಿಸಿ ಹೇಳ್ತೀನಿ’ ಅಂದಳು. ಹೇಳುತ್ತಾಳೆ, ಅನುಮಾನವಿಲ್ಲ; ಅವಳ ಸಹಾಯಕರ ಬಗ್ಗೆ ನನಗೆ ಈಗಲೇ ಮರುಕವಿದೆ.

ಬ್ರೈಲ್ ಕಲಿಸುವ ಯಂತ್ರಗಳೂ ಬಂದಿವೆ. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ಮಾಡಿದ ‘ಆ್ಯನಿ’ ಚುಕ್ಕಿಗಳನ್ನು ಎಬ್ಬಿಸಿ, ಬಾಯಲ್ಲೂ ಹೇಳಿ, ಮಗು ಬರೆದದ್ದನ್ನು ತಿದ್ದುತ್ತದೆ. ಹೆಲೆನ್ ಕೆಲ್ಲರ್‌ಳ ಗುರು ಆ್ಯನ್ ಸಲಿವನ್ ನೆನಪಿಗೆ ಇಟ್ಟ ಹೆಸರು. ಅಮೃತಸರದ ಆ್ಯನಿಯನ್ನು ಅವರು ನೆನೆದಿದ್ದರೋ ಇಲ್ಲವೋ, ಹೆಸರು ಆಕೆಗೂ ಒಪ್ಪುತ್ತದೆ. ಈ ಕೊಠಡಿಯಲ್ಲಿ ಅದಿಲ್ಲ. ಇಲ್ಲಿ ತಿದ್ದುವುದು ಮಿಸ್ ಒಬ್ಬರೇ, ಅದೂ ಉಳಿದ ಮಕ್ಕಳ ಮನೆ ಮನೆ ತಿರುಗಿ ಬಂದ ಮೇಲೆ ಸಿಗುವ ಶನಿವಾರಗಳಲ್ಲಿ.

ಊಟಕ್ಕೆ ಹೋದವರು ಬಂದಿದ್ದಾರೆಂದು ಜವಾನರು ಬಂದು ಕರೆದರು. ಹೊರಡುವ ಮುಂಚೆ ನಾನೂ ‘ಸೂರ್ಯ’ ಬರೆಯುತ್ತೇನೆಂದು ಸ್ಲೇಟು, ಸ್ಟೈಲಸ್ ಇಸಿದುಕೊಂಡೆ. ಸ, ಊ, ಹಲಂತ, ರ, ಯ. ಮಿಸ್ ಗೋಡೆಗೆ ಹಚ್ಚಿದ್ದ ಪಟ ನೋಡಿ ನೋಡಿ, ಎಡದಿಂದ ಬಲಕ್ಕೆ, ಬೆವರು ಒರೆಸಿಕೊಳ್ಳುತ್ತ ಐದು ಮನೆ ಚುಚ್ಚಿ ಕೊಟ್ಟೆ. ಸ್ಲೇಟಿನಲ್ಲಿ ಚುಕ್ಕಿ ಏಳುವುದು ಹಾಳೆಯ ಆ ಕಡೆ, ಹಾಗಾಗಿ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು ಎಂದು ಆಗಲೇ ಹೇಳಿದ್ದರು. ನನಗೆ ಮರೆತೇಹೋಗಿತ್ತು.

ಅವಳು ಹಾಳೆ ಮಗುಚಿ ತೋರುಬೆರಳು ಆಡಿಸಿದಳು. ‘ಷ... ಠ... ಅ... ತ... ಜ್ಞ.’ ಇನ್ನೊಮ್ಮೆ ಸವರಿದಳು. ಮುಖ ಅರಳಿತು.

‘ಮಿಸ್, ಸರ್ ಅತಜ್ಞ ಅಂತ ಬರೆದವ್ರೆ!’