ನೇಗಿಲು ಹಿಡಿಯಬಲ್ಲ ಶಿಕ್ಷಕ

ಎಲ್ಲ ಬಗೆಯ ಮಕ್ಕಳಿಗೂ ಪ್ರವೇಶ ಕೊಟ್ಟ ಮಾತ್ರಕ್ಕೆ ಶಾಲೆಯೊಂದು ಸಮನ್ವಯ ಶಿಕ್ಷಣದ ಶಾಲೆಯಾಗುವುದಿಲ್ಲ. ಅಲ್ಲಿ ಮೊದಲೇ ಗೊತ್ತಾಗಿರುವ ಪಠ್ಯ, ಭಾಷೆ, ವೇಳಾಪಟ್ಟಿಗಳಿಗೆ ಮಗು ತಾನಾಗಿ ಒಗ್ಗಿಕೊಳ್ಳಲಿ ಎಂದು ಬಿಟ್ಟುಬಿಡುವುದು ಬರಿಯ ಸೇರ್ಪಡೆ. ಮಕ್ಕಳ ನಡುವಿನ ವ್ಯತ್ಯಾಸಗಳನ್ನು ಕೊರತೆಗಳೆಂದು ಎಣಿಸದೆ, ಅವಕ್ಕೆ ತಕ್ಕಂತೆ ಶಾಲೆಯೇ ತನ್ನ ಕಟ್ಟಡವನ್ನೂ ಬೋಧನೆಯನ್ನೂ ಪರೀಕ್ಷೆಯನ್ನೂ ತಿದ್ದಿಕೊಳ್ಳುವುದು ಸಮನ್ವಯ. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ನಡೆದ ಸಮಾವೇಶದ ಘೋಷಣೆಯಿಂದ ಈ ನಿಲುವಿಗೆ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತಾದರೂ, ಅದರ ತಿರುಳನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಪುಣೆಯಲ್ಲಿ ಒಬ್ಬರು ಸರ್ಕಾರದ ಮುಂದೆ ಬರಹದಲ್ಲಿ ಇಟ್ಟಿದ್ದರು.

ಅವರೇ ಜೋತಿಬಾ ಫುಲೆ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು, ಮುಂದೆ ಪತ್ನಿ ಸಾವಿತ್ರಿಬಾಯಿಯವರೊಡನೆ ಅಸ್ಪೃಶ್ಯರೆನಿಸಿದ್ದ ಮಹಾರ್, ಮಾಂಗ್ ಜಾತಿಗಳ ಮಕ್ಕಳಿಗೂ ಶಾಲೆ ನಡೆಸಿದ ಅವರು, 1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ, ರೈತಾಪಿ ಮಕ್ಕಳು ಶಾಲೆಗೆ ಬಾರದಿರುವುದಕ್ಕೆ ಕಡುಬಡತನವನ್ನೂ, ದನ ಕಾದು ಹೊಲ ನೋಡಿಕೊಳ್ಳುವ ಅನಿವಾರ್ಯವನ್ನೂ ಕಾರಣವಾಗಿ ತೋರಿಸಿದರು. ಹಾಗಾಗಿ ಕನಿಷ್ಠ 12 ವರ್ಷದವರೆಗಿನ ಕಡ್ಡಾಯ ಶಿಕ್ಷಣದ ಜೊತೆಗೇ ವಿದ್ಯಾರ್ಥಿವೇತನ, ಬಹುಮಾನ, ಬೇಸಾಯದ ಪಾಠ, ಅದನ್ನು ಮಾಡಿ ಕಲಿಯಲು ಸಣ್ಣದೊಂದು ಮಾದರಿ ಹೊಲ ಇವೆಲ್ಲವನ್ನೂ ಕೇಳಿದರು. ಎಲ್ಲಕ್ಕಿಂತ ಹರಿತವಾದದ್ದು ಶಿಕ್ಷಕರನ್ನು ಕುರಿತ ಬೇಡಿಕೆ: ಅವರು ಸಾಧ್ಯವಾದಷ್ಟೂ ಬೇಸಾಯಗಾರರೊಳಗಿನಿಂದಲೇ ಬಂದಿರಬೇಕು, ಬೇಕಾದಾಗ ನೇಗಿಲಿನ ಮೇಳಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯಲು ನಾಚಬಾರದು. ಮಗುವಿನ ಮನೆಯ ಬದುಕು ಶಿಕ್ಷಕರಿಗೆ ಅಪರಿಚಿತವಾದರೆ ಕಲಿಕೆಯೂ ಹೊರಗೇ ಉಳಿಯುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ.

ಅದೇ ಹೇಳಿಕೆಯಲ್ಲಿ ಇಂದಿನ ಓದುಗರಿಗೆ ಇರುಸುಮುರುಸಾಗುವ ಮಾತೂ ಉಂಟು. ಮಹಾರ್, ಮಾಂಗ್ ಮಕ್ಕಳನ್ನು ಮೇಲುಜಾತಿಯವರ ಪಕ್ಕ ಕೂರಗೊಡುತ್ತಿರಲಿಲ್ಲವಾಗಿ, ಅವರ ಸಂಖ್ಯೆ ಹೆಚ್ಚಿರುವ ಕಡೆಗಳಲ್ಲಿ ಪ್ರತ್ಯೇಕ ಶಾಲೆ ಬೇಕೆಂದು ಫುಲೆ ಕೇಳಿದರು. ಪುಣೆಯಲ್ಲಿ 5,000 ಮೀರಿದ ಆ ಜನಕ್ಕೆ ಇದ್ದ ಒಂದೇ ಶಾಲೆಗೆ 30 ಹುಡುಗರೂ ಬರುತ್ತಿಲ್ಲವೆಂದು ಲೆಕ್ಕ ಕೊಟ್ಟರು. 1892ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ತೆರೆದದ್ದೂ ಪ್ರತ್ಯೇಕ ಶಾಲೆಯೇ. ಇವನ್ನು ಸಮನ್ವಯಕ್ಕೆ ವಿರುದ್ಧವೆನ್ನುವುದು ಅವಸರದ ತೀರ್ಮಾನ. ಊರ ಶಾಲೆಯ ಮನಸ್ಸು ಬದಲಾಗುವವರೆಗೆ ಒಂದು ತಲೆಮಾರು ಅಕ್ಷರವಿಲ್ಲದೆ ಕಾಯಲಿ ಎನ್ನುವ ಹಕ್ಕು ಯಾರಿಗೂ ಇರಲಿಲ್ಲ.

ಊರ ಶಾಲೆಯೋ ಪ್ರತ್ಯೇಕ ಶಾಲೆಯೋ ಎಂಬ ಇದೇ ತೊಡಕು ಇಂದು ಅಂಗವೈಕಲ್ಯವುಳ್ಳ ಮಕ್ಕಳ ವಿಷಯದಲ್ಲಿ ಮರಳಿ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟು, ಆಯ್ಕೆಯನ್ನು ಮಗುವಿಗೇ ಬಿಟ್ಟಿದೆ. ನೆರೆಯ ಶಾಲೆಯಲ್ಲಿ ಇಳಿಜಾರು ದಾರಿಯಾಗಲಿ ಬ್ರೈಲ್ ಪುಸ್ತಕವಾಗಲಿ ಇಲ್ಲದಿದ್ದರೆ ಆ ಆಯ್ಕೆ ಕಾಗದದ ಮೇಲಷ್ಟೇ ಉಳಿಯುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯ್ದೆಯ 17ನೆಯ ಕಲಮು ಮಾತ್ರ ಫುಲೆಯವರ ಬೇಡಿಕೆಗೆ ತೀರ ಹತ್ತಿರ ಬರುತ್ತದೆ: ಸಂಜ್ಞಾ ಭಾಷೆ ಮತ್ತು ಬ್ರೈಲ್ ಬಲ್ಲ ಶಿಕ್ಷಕರನ್ನು, ಸ್ವತಃ ಅಂಗವೈಕಲ್ಯವುಳ್ಳವರನ್ನೂ ಸೇರಿಸಿಕೊಂಡು, ತರಬೇತುಗೊಳಿಸಿ ನೇಮಿಸಬೇಕೆಂದು ಅದು ವಿಧಿಸುತ್ತದೆ.