ದೃಶ್ಯಮುದ್ರಿಕೆಯನ್ನು ಡಿವಿಡಿಗೆ ಇಳಿಸುವಾಗ ಮೆಮೊರಿ ತುಂಬುವುದೇಕೆ?

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ನೆಲೆಸಿರುವ ಕಪ್ಪಿಲಿಯರ ಮನೆಮಾತು ಕನ್ನಡ. ಅವರ ಓದುಬರಹ ತಮಿಳಿನಲ್ಲಿ ನಡೆಯುವುದರಿಂದ ಆ ಮನೆಮಾತು ಹೆಚ್ಚಾಗಿ ನಾಲಗೆಯ ಮೇಲೆಯೇ ಉಳಿದಿದೆ. ಇಂತಹ ನುಡಿಯನ್ನು ಅಧ್ಯಯನ ಮಾಡುವವರಿಗೆ ಹಿರಿಯರ ಮಾತು, ಹಾಡುಗಳ ದೃಶ್ಯಮುದ್ರಿಕೆಯೇ ಮೂಲ ಆಕರ. ಮುದ್ರಿಸಿಕೊಂಡದ್ದನ್ನು ಹಾಡಿದವರ ಮನೆಗೂ ತಲುಪಿಸುವುದು ನಮ್ಮ ಕರ್ತವ್ಯ. ಟಿವಿಯಲ್ಲಿ ನೋಡುವ ಹಿರಿಯರಿಗೆ ಡಿವಿಡಿ ಸುಲಭ ಸಾಧನ. ಆದರೆ ಪರಿವರ್ತನೆಯ ನಡುವೆ ಗಣಕದ ಮೆಮೊರಿ ತುಂಬಿ ಕೆಲಸ ಸ್ಥಗಿತಗೊಳ್ಳುವುದುಂಟು.

ಕಡತ ದೊಡ್ಡದಾದುದೇ ಇದಕ್ಕೆ ಕಾರಣವೆಂದು ಭಾವಿಸುವುದು ಸರಿಯಲ್ಲ. ಕಡತವಿರುವುದು ಹಾರ್ಡ್‌ಡಿಸ್ಕಿನಲ್ಲಿ, ತುಂಬುವುದು ಕೆಲಸದ ವೇಳೆ ಮಾತ್ರ ಬಳಕೆಯಾಗುವ ರ‍್ಯಾಮ್. ಮೊಬೈಲಿನ ಕಡತದಲ್ಲಿ ಚಿತ್ರಗಳು ಸಂಕುಚಿತವಾಗಿರುತ್ತವೆ. ಬಿಡಿಸಿದಾಗ 1920×1080 ಅಳತೆಯ ಒಂದೊಂದು ಚಿತ್ರವೂ ಸುಮಾರು 3 ಎಂಬಿ ಆಗುತ್ತದೆ. ಸೆಕೆಂಡಿಗೆ 30 ಚಿತ್ರಗಳಂತೆ ಒಂದು ನಿಮಿಷದ ದೃಶ್ಯಕ್ಕೆ 5 ಜಿಬಿಗಿಂತ ಹೆಚ್ಚು ಸ್ಥಳ ಬೇಕು. ಆದ್ದರಿಂದ ತಂತ್ರಾಂಶವು ಕೆಲವೇ ಚಿತ್ರಗಳನ್ನು ಬಿಡಿಸಿ, 720×576 ಅಳತೆಗೆ ಇಳಿಸಿ, ಎಂಪೆಗ್-2 ರೂಪದಲ್ಲಿ ಬರೆದು, ಒಡನೆಯೇ ಮರೆಯಬೇಕು. ಹೀಗೆ ನಡೆದರೆ ಎರಡು ನಿಮಿಷದ ಕಡತಕ್ಕೂ ಎರಡು ಗಂಟೆಯ ಕಡತಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಮೆಮೊರಿ ಸಾಕು.

ಪೆರಿಯಾರ್ ನೀರು ಸುರಂಗದ ಮೂಲಕ ಕಂಬಂ ಕಣಿವೆಗೆ ಇಳಿದು ವೈಗೈ ಜಲಾಶಯವನ್ನು ಸೇರುತ್ತದೆ. ಒಳಹರಿವಿನಷ್ಟೇ ಹೊರಹರಿವಿದ್ದರೆ ಜಲಾಶಯದ ಮಟ್ಟ ಏರದು. ಮೆಮೊರಿಯ ಸ್ಥಿತಿಯೂ ಹಾಗೆಯೇ. ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಬಳಕೆಯನ್ನು ಹತ್ತು ನಿಮಿಷ ಗಮನಿಸಿರಿ. ಬಳಕೆ ಏರಿ ಒಂದು ಮಟ್ಟದಲ್ಲಿ ನಿಂತು, ಆ ಮಟ್ಟವೇ ಅತಿಯಾಗಿದ್ದರೆ, ಏಕಕಾಲದಲ್ಲಿ ನಡೆಯುವ ಎಳೆಗಳ, ಅಂದರೆ ಥ್ರೆಡ್‌ಗಳ, ಸಂಖ್ಯೆಯನ್ನು ತಗ್ಗಿಸಬೇಕು. ಪ್ರತಿ ಎಳೆಯೂ ತನ್ನ ಪಾಲಿನ ಚಿತ್ರಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬಳಕೆ ನಿಲ್ಲದೆ ಏರುತ್ತಿದ್ದರೆ ಹೊರಹರಿವು ಎಲ್ಲೋ ಕಟ್ಟಿಕೊಂಡಿದೆ. ಧ್ವನಿ ಮತ್ತು ದೃಶ್ಯಗಳ ಕಾಲಸೂಚಿಗಳು ಹೊಂದದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಎರಡನ್ನೂ ಹೆಣೆಯುವ ಭಾಗವು ಬಾರದ ಧ್ವನಿಗಾಗಿ ಕಾಯುತ್ತ, ಬಂದ ದೃಶ್ಯವನ್ನೆಲ್ಲ ಕೂಡಿಹಾಕುತ್ತದೆ. ಆಗ ಮೊದಲು ಕಡತವನ್ನು ಮರುಸಂಕೇತಿಸದೆ ಹೊಸ ಕಡತಕ್ಕೆ ನಕಲಿಸಿ ನೋಡಬೇಕು. ಇದರಿಂದ ಕಾಲಸೂಚಿಗಳು ಸರಿಹೋಗಬಹುದು. ಅನಗತ್ಯ ಫಿಲ್ಟರುಗಳನ್ನು ತೆಗೆಯಬೇಕು. ಆಗಲೂ ಫಲವಿಲ್ಲದಿದ್ದರೆ ಇಪ್ಪತ್ತು ನಿಮಿಷದ ತುಂಡುಗಳಾಗಿ ಪರಿವರ್ತಿಸಿ, ಡಿವಿಡಿ ರಚಿಸುವಾಗ ಜೋಡಿಸಬಹುದು. ಒಂದು ಪದರದ 4.7 ಜಿಬಿ ಡಿಸ್ಕಿನಲ್ಲಿ, ಸೆಕೆಂಡಿಗೆ 5 ಮೆಗಾಬಿಟ್ ದರದಲ್ಲಿ, ಸುಮಾರು ಎರಡು ಗಂಟೆಯ ಮುದ್ರಿಕೆ ಹಿಡಿಯುತ್ತದೆ.

ಡಿವಿಡಿ ಸಿದ್ಧವಾಯಿತೆಂದು ಮೂಲ ಕಡತವನ್ನು ಅಳಿಸಬಾರದು. ಡಿವಿಡಿಗೆ ಇಳಿಯುವಾಗ ಚಿತ್ರದ ವಿವರ ಕುಂದುತ್ತದೆ. ಧ್ವನಿಯನ್ನು ಸಂಕುಚಿಸಿದರೆ ಅದರ ಸೂಕ್ಷ್ಮತೆಯೂ ಕುಂದುತ್ತದೆ. ಉಚ್ಚಾರಣೆಯ ಅಧ್ಯಯನಕ್ಕೆ ಮೂಲವೇ ಪ್ರಮಾಣ. ಡಿವಿಡಿ ಮನೆಯವರಿಗೆ ಸಲ್ಲಲಿ; ಮೂಲ ಕಡತದ ಎರಡು ಪ್ರತಿಗಳು ಬೇರೆ ಬೇರೆ ಡಿಸ್ಕುಗಳಲ್ಲಿರಲಿ. ಪರಿವರ್ತನೆ ಕೆಟ್ಟರೆ ಮತ್ತೊಮ್ಮೆ ಮಾಡಬಹುದು. ಹಾಡಿದ ಹಿರಿಯರು ಮತ್ತೊಮ್ಮೆ ಹಾಡಲು ಇರುವರೆಂದು ಹೇಳಲಾಗದು.