ಮೇದೋಜೀರಕ ಗ್ರಂಥಿಯ ನ್ಯೂರೋಎಂಡೋಕ್ರೈನ್ ಗಡ್ಡೆಗಳ ವೈದ್ಯಕೀಯ ಚಿತ್ರಣ

ಮೇದೋಜೀರಕ ಗ್ರಂಥಿಯ ನ್ಯೂರೋಎಂಡೋಕ್ರೈನ್ ಗಡ್ಡೆಗಳ ವೈದ್ಯಕೀಯ ಚಿತ್ರಣವು ಈ ಗ್ರಂಥಿಯ ಹಾರ್ಮೋನು ಸ್ರವಿಸುವ ಜೀವಕೋಶಗಳಲ್ಲಿ ಹುಟ್ಟುವ ಗಡ್ಡೆಗಳನ್ನು ಪತ್ತೆಹಚ್ಚಲು, ಅವು ಎಲ್ಲಿಯವರೆಗೆ ಹರಡಿವೆ ಎಂದು ತಿಳಿಯಲು ಮತ್ತು ಚಿಕಿತ್ಸೆಯನ್ನು ನಿರ್ಧರಿಸಲು ಬಳಸುವ ಪರೀಕ್ಷೆಗಳ ಸಮೂಹವಾಗಿದೆ. ಸಿ.ಟಿ. ಸ್ಕ್ಯಾನ್, ಎಂ.ಆರ್.ಐ., ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮತ್ತು ಪೆಟ್ ಸ್ಕ್ಯಾನ್ ಇವುಗಳಲ್ಲಿ ಮುಖ್ಯವಾದವು. ಮೇದೋಜೀರಕದ ಎಲ್ಲ ಗಡ್ಡೆಗಳಲ್ಲಿ ಈ ಬಗೆಯವು ಶೇ. 5ಕ್ಕಿಂತ ಕಡಿಮೆ. ಇವುಗಳಲ್ಲಿ ಹೆಚ್ಚಿನವು ಸಾಮಾನ್ಯ ಮೇದೋಜೀರಕ ಕ್ಯಾನ್ಸರಾದ ಅಡಿನೋಕಾರ್ಸಿನೋಮಕ್ಕಿಂತ ನಿಧಾನವಾಗಿ ಬೆಳೆಯುತ್ತವೆ, ಚಿಕಿತ್ಸೆಯೂ ಬೇರೆ. ಆದ್ದರಿಂದ ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ರೋಗಿಯ ಮಟ್ಟಿಗೆ ನಿರ್ಣಾಯಕವಾಗುತ್ತದೆ. ಆಪಲ್ ಸಂಸ್ಥೆಯ ಸಹಸ್ಥಾಪಕ ಸ್ಟೀವ್ ಜಾಬ್ಸ್ ಅವರಲ್ಲಿ 2003ರಲ್ಲಿ ಪತ್ತೆಯಾದದ್ದು ನ್ಯೂರೋಎಂಡೋಕ್ರೈನ್ ಗಡ್ಡೆ.

ಹಿನ್ನೆಲೆ

ಕೆಲವು ಗಡ್ಡೆಗಳು ಹಾರ್ಮೋನನ್ನು ಅತಿಯಾಗಿ ಸ್ರವಿಸಿ ರೋಗಲಕ್ಷಣಗಳನ್ನು ಉಂಟುಮಾಡುತ್ತವೆ. ಇನ್ಸುಲಿನೋಮದಲ್ಲಿ ರಕ್ತದ ಸಕ್ಕರೆ ಕುಸಿಯುತ್ತದೆ; ಗ್ಯಾಸ್ಟ್ರಿನೋಮದಲ್ಲಿ ಜಠರದ ಆಮ್ಲ ಹೆಚ್ಚಿ ಹುಣ್ಣುಗಳಾಗುತ್ತವೆ. ಇಂತಹ ರೋಗಿಗಳಲ್ಲಿ ರಕ್ತಪರೀಕ್ಷೆಯಿಂದ ರೋಗವನ್ನು ಖಚಿತಪಡಿಸಿಕೊಂಡ ಬಳಿಕ ಗಡ್ಡೆಯ ಸ್ಥಾನವನ್ನು ಚಿತ್ರಣದಿಂದ ಹುಡುಕಲಾಗುತ್ತದೆ. ಇನ್ಸುಲಿನೋಮಗಳಲ್ಲಿ ಹೆಚ್ಚಿನವು 2 ಸೆಂ.ಮೀ.ಗಿಂತ ಚಿಕ್ಕವಾಗಿರುವುದರಿಂದ ಹುಡುಕಾಟ ಸುಲಭವಲ್ಲ. ಹಾರ್ಮೋನಿನ ಲಕ್ಷಣಗಳಿಲ್ಲದ ಗಡ್ಡೆಗಳು ದೊಡ್ಡದಾದ ಮೇಲೆ, ಅಥವಾ ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಳ್ಳುತ್ತವೆ.

ಸಿ.ಟಿ. ಸ್ಕ್ಯಾನ್

ಸಾಮಾನ್ಯವಾಗಿ ಮೊದಲು ಮಾಡುವ ವಿವರವಾದ ಪರೀಕ್ಷೆ ಇದು. ಈ ಗಡ್ಡೆಗಳಲ್ಲಿ ರಕ್ತನಾಳಗಳು ಹೇರಳ. ರಕ್ತನಾಳಕ್ಕೆ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ ದ್ರವವನ್ನು ಚುಚ್ಚಿದ ಸುಮಾರು 35ರಿಂದ 45 ಸೆಕೆಂಡುಗಳಲ್ಲಿ, ಅಂದರೆ ಧಮನಿ ಹಂತದ ಕೊನೆಯಲ್ಲಿ, ಗಡ್ಡೆಯು ಸುತ್ತಲಿನ ಅಂಗಾಂಶಕ್ಕಿಂತ ಹೆಚ್ಚು ಬೆಳ್ಳಗೆ ಕಾಣುತ್ತದೆ. ಅಡಿನೋಕಾರ್ಸಿನೋಮವು ಇದಕ್ಕೆ ವಿರುದ್ಧವಾಗಿ ಕಪ್ಪಾಗಿ ಕಾಣುವುದೇ ಹೆಚ್ಚು. ಸುಮಾರು 70 ಸೆಕೆಂಡುಗಳ ನಂತರದ ಅಭಿಧಮನಿ ಹಂತದಲ್ಲಿ ಈ ವ್ಯತ್ಯಾಸ ಮಾಸಿಹೋಗಬಹುದು. ಆ ಒಂದೇ ಹಂತದ ಸ್ಕ್ಯಾನ್ ತೆಗೆದರೆ ಚಿಕ್ಕ ಗಡ್ಡೆಯೂ ಯಕೃತ್ತಿಗೆ ಹರಡಿದ ಭಾಗಗಳೂ ಕಣ್ತಪ್ಪುವ ಸಾಧ್ಯತೆಯಿದೆ. ಈ ಕಾರಣದಿಂದ ಬಹುಹಂತದ ಸಿ.ಟಿ. ಅಗತ್ಯ.

ಎಂ.ಆರ್.ಐ. ಮತ್ತು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್

ಎಂ.ಆರ್.ಐ.ಯಲ್ಲಿ ಎಕ್ಸ್‌ಕಿರಣಗಳಿಲ್ಲ. ಯಕೃತ್ತಿನಲ್ಲಿರುವ ಚಿಕ್ಕ ಗಡ್ಡೆಗಳನ್ನು ಇದು ಸಿ.ಟಿ.ಗಿಂತ ಚೆನ್ನಾಗಿ ತೋರಿಸುತ್ತದೆ. ಪದೇ ಪದೇ ಪರೀಕ್ಷೆ ಬೇಕಾಗುವ ಕಿರಿಯ ವಯಸ್ಸಿನವರಿಗೆ ಸೂಕ್ತ.

ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಶಬ್ದಾತೀತ ತರಂಗಗಳ ಉಪಕರಣವನ್ನು ಬಾಯಿಯ ಮೂಲಕ ಜಠರ ಮತ್ತು ಸಣ್ಣ ಕರುಳಿನ ಆರಂಭ ಭಾಗಕ್ಕೆ ಇಳಿಸಲಾಗುತ್ತದೆ. ಅಲ್ಲಿಂದ ಮೇದೋಜೀರಕವು ಅತಿ ಸಮೀಪ. ಕೆಲವೇ ಮಿಲಿಮೀಟರ್ ಗಾತ್ರದ ಗಡ್ಡೆಯನ್ನೂ ಗುರುತಿಸಿ, ಸೂಜಿಯಿಂದ ಅಂಗಾಂಶದ ಮಾದರಿಯನ್ನು ತೆಗೆಯಬಹುದು.

ಗ್ರಾಹಿ ಚಿತ್ರಣ

ಈ ಗಡ್ಡೆಗಳಲ್ಲಿ ಹಲವು ತಮ್ಮ ಹೊರಪದರದಲ್ಲಿ ಸೊಮ್ಯಾಟೊಸ್ಟ್ಯಾಟಿನ್ ಹಾರ್ಮೋನಿನ ಗ್ರಾಹಿಗಳನ್ನು ಹೊಂದಿರುತ್ತವೆ. ಗ್ಯಾಲಿಯಂ-68 ಡೋಟಾಟೇಟ್ ಎಂಬ ವಿಕಿರಣಶೀಲ ಔಷಧವು ಈ ಗ್ರಾಹಿಗಳಿಗೆ ಅಂಟಿಕೊಳ್ಳುವುದರಿಂದ, ಇಡೀ ದೇಹದಲ್ಲಿ ಗಡ್ಡೆ ಎಲ್ಲೆಲ್ಲಿದೆ ಎಂಬುದು ಪೆಟ್ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದಕ್ಕೆ 2016ರಲ್ಲಿ ಅನುಮತಿ ನೀಡಿತು. ಗ್ರಾಹಿಗಳು ಸಾಕಷ್ಟಿದ್ದರೆ ಅದೇ ಮಾರ್ಗವಾಗಿ ಲುಟೇಶಿಯಂ-177 ಹೊತ್ತ ಔಷಧವನ್ನು ಕಳುಹಿಸಿ ಚಿಕಿತ್ಸೆ ನೀಡಲು ಸಾಧ್ಯ.

ಮಿತಿಗಳು

ಇನ್ಸುಲಿನೋಮಗಳಲ್ಲಿ ಈ ಗ್ರಾಹಿಗಳು ಕಡಿಮೆ ಇರಬಹುದು. ವೇಗವಾಗಿ ಬೆಳೆಯುವ ಗಡ್ಡೆಗಳಲ್ಲಿ ಎಫ್.ಡಿ.ಜಿ. ಪೆಟ್ ಹೆಚ್ಚು ಉಪಯುಕ್ತ. ಮೇದೋಜೀರಕದೊಳಗೆ ಹುದುಗಿದ ಗುಲ್ಮದ ತುಣುಕು ಸಿ.ಟಿ.ಯಲ್ಲೂ ಗ್ರಾಹಿ ಚಿತ್ರಣದಲ್ಲೂ ಗಡ್ಡೆಯಂತೆಯೇ ಕಾಣಬಹುದು. ಗಡ್ಡೆಯ ದರ್ಜೆಯನ್ನು ಅಂಗಾಂಶ ಪರೀಕ್ಷೆಯ ಕೆ.ಐ.-67 ಸೂಚ್ಯಂಕವೇ ನಿರ್ಧರಿಸುತ್ತದೆ: ಶೇ. 3ಕ್ಕಿಂತ ಕಡಿಮೆಯಿದ್ದರೆ ಮೊದಲ ದರ್ಜೆ, 3ರಿಂದ 20 ಎರಡನೆಯದು, 20ಕ್ಕಿಂತ ಹೆಚ್ಚು ಮೂರನೆಯದು.

ಲಭ್ಯತೆ

ಗ್ಯಾಲಿಯಂ-68ರ ಅರ್ಧಾಯು 68 ನಿಮಿಷ ಮಾತ್ರ. ಹೀಗಾಗಿ ಔಷಧವನ್ನು ದೂರಕ್ಕೆ ಸಾಗಿಸಲಾಗದು. ಅದನ್ನು ತಯಾರಿಸುವ ಸೌಲಭ್ಯವಿರುವ ಊರಿಗೆ ರೋಗಿಯೇ ಹೋಗಬೇಕು. ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿ.ಮೀ.; ಆಳಂದ ತಾಲ್ಲೂಕಿನ ಜಿಡಗಾದಂತಹ ಗ್ರಾಮಗಳಿಂದ ಇನ್ನೂ ದೂರ. ಇಂತಹ ಪ್ರದೇಶಗಳ ರೋಗಿಗಳಿಗೆ ಮೊದಲ ಸಿ.ಟಿ. ಸ್ಕ್ಯಾನನ್ನೇ ಸರಿಯಾದ ಹಂತಗಳಲ್ಲಿ ತೆಗೆಯುವುದು ಮಹತ್ವದ್ದು. ಮುಂದಿನ ಪರೀಕ್ಷೆಗೆ ಪ್ರಯಾಣ ಬೇಕೇ ಎಂಬುದು ಬಹುಮಟ್ಟಿಗೆ ಅದರಿಂದಲೇ ತಿಳಿಯುತ್ತದೆ.